ಜರಡಿಯ ಯೊಲಾಂದಾ

ಹೊರಗೆ ಮಳೆ ಬರುತ್ತಿದೆ ಎಂದು ಯಾರಾದರೂ ಹೇಳಿದರೆ ಯೊಲಾಂದಾ ಫೆರ್ರಗೂತಿ ಕೊಡೆ ಹುಡುಕುತ್ತಿರಲಿಲ್ಲ, "ಯಾರ್ ಹೇಳಿದ್ದು?" ಎಂದು ಕೇಳಿ, ಎದ್ದು ಹೋಗಿ, ಕಿಟಕಿ ತೆರೆದು, ಕೈ ಹೊರಗೆ ಚಾಚಿ, ಅಂಗೈ ಒದ್ದೆಯಾದ ಮೇಲೆಯೇ "ಹೌದು, ಬರ್ತಿದೆ" ಎಂದು ಒಪ್ಪಿಕೊಳ್ಳುತ್ತಿದ್ದಳು. ಸುದ್ದಿ ತಂದವನು ನಖಶಿಖಾಂತ ತೊಯ್ದು ನೀರು ಸುರಿಸುತ್ತ ಎದುರಿಗೇ ನಿಂತಿದ್ದರೂ ಅಷ್ಟೆ. ಜೂರಾ ಬೆಟ್ಟದ ತಪ್ಪಲಿನಲ್ಲಿ, ಜಿನೀವಾ ಮುಗಿದು ಫ್ರಾನ್ಸಿನ ಸೂರ್ಯಕಾಂತಿ ಹೊಲಗಳು ಶುರುವಾಗುವಲ್ಲಿ ಹರಡಿಕೊಂಡಿರುವ ನಮ್ಮ ಪ್ರಯೋಗಾಲಯದಲ್ಲಿ ಅನುಮಾನವನ್ನೇ ಕಸುಬು ಮಾಡಿಕೊಂಡ ಜನ ಸಾವಿರಾರು. ಆದರೆ ಅವರೆಲ್ಲ ಸಂಜೆ ಟ್ರಾಮು ಹತ್ತುವಾಗ ಅನುಮಾನವನ್ನು ಮೇಜಿನ ಮೇಲೆ ಬಿಟ್ಟು ಹೋಗುವವರು. ಯೊಲಾಂದಾ ಅದನ್ನು ಊಟದ ತಟ್ಟೆಯವರೆಗೂ ಒಯ್ಯುತ್ತಿದ್ದಳು. ಕ್ಯಾಂಟೀನಿನಲ್ಲಿ ಬಡಿಸುವಾಕೆ "ಇವತ್ತು ರಿಸೊಟ್ಟೊ ಅನ್ನ ಚೆನ್ನಾಗಾಗಿದೆ" ಅಂದರೂ ಅದೇ ಪ್ರಶ್ನೆ. "ನಾನೇ ಹೇಳಿದ್ದು ತಾಯಿ, ನಾನೇ ಮಾಡಿದ್ದು, ತಿಂದ್ರೆ ತಿನ್ನಿ, ಬಿಟ್ರೆ ಬಿಡಿ" ಎಂದು ಆ ಹೆಂಗಸು ಸೌಟನ್ನು ಪಾತ್ರೆಗೆ ಕುಟ್ಟುತ್ತಿದ್ದಳು. ಯೊಲಾಂದಾ ನಿಂತಲ್ಲೇ ಒಂದು ಚಮಚ ರುಚಿ ನೋಡಿ, ಉಪ್ಪು ಸಾಲದು ಎಂದು ತೀರ್ಪು ಕೊಟ್ಟು, ಎರಡು ಪಾಲು ಹಾಕಿಸಿಕೊಳ್ಳುತ್ತಿದ್ದಳು.

ಆಕೆಯ ನೀಲಿ ಕೋಟಿನ ವಿಚಾರ ಹೇಳದೆ ಮುಂದೆ ಹೋದರೆ ನಮ್ಮ ಕಾರಿಡಾರಿನವರು ನನ್ನನ್ನು ಸುಮ್ಮನೆ ಬಿಡಲಾರರು. ಅದು ಇಟಲಿಯ ಮೊದೆನಾದ ಬಳಿ ಟ್ರ್ಯಾಕ್ಟರು ರಿಪೇರಿ ಮಾಡುತ್ತಿದ್ದ ಆಕೆಯ ತಂದೆಯ ಕೋಟು. ತೋಳು ಉದ್ದ, ಭುಜ ಅಗಲ, ಒಗೆದು ಒಗೆದು ಬಣ್ಣ ಆಕಾಶಕ್ಕೆ ತಿರುಗಿದ್ದು. ಬಲ ಜೇಬಿನಲ್ಲಿ ಪೆನ್ಸಿಲ್ಲುಗಳು, ಎಡ ಜೇಬಿನಲ್ಲಿ ಕಾಗದದಲ್ಲಿ ಸುತ್ತಿದ ಪಾರ್ಮಸಾನ್ ಚೀಸಿನ ತುಂಡು. ಆ ಪೆನ್ಸಿಲ್ಲುಗಳಿಗೆ ಹಿಂಬದಿಯ ರಬ್ಬರು ಇರುತ್ತಿರಲಿಲ್ಲ. ಹೊಸ ಪೆನ್ಸಿಲ್ಲು ಬಂದ ಕೂಡಲೇ ಅದರ ರಬ್ಬರನ್ನು ಬ್ಲೇಡಿನಿಂದ ಕತ್ತರಿಸಿ ಕಸದಬುಟ್ಟಿಗೆ ಹಾಕುವುದು ಆಕೆಯ ನಿಯಮ. ತಂತ್ರಾಂಶ ಬರೆಯುವವಳಿಗೆ ಗ್ರೀಸು ಎಣ್ಣೆಯ ಕೋಟೇಕೆ ಎಂದು ಹೊಸಬರು ನಗುತ್ತಿದ್ದರು. "ಎಂಜಿನ್ ಕೊಳೆ ಕಣ್ಣಿಗೆ ಕಾಣುತ್ತೆ, ನಮ್ಮದು ಕಾಣಲ್ಲ, ಅಷ್ಟೇ ವ್ಯತ್ಯಾಸ" ಎಂದು ಆಕೆ ಮುನ್ನಡೆಯುತ್ತಿದ್ದಳು. ಆ ನಡಿಗೆಯಾದರೂ ಎಂಥದು! ಗೋಡೆಯಿಂದ ಗೋಡೆಗೆ ಓರೆಯಾಗಿ, ಬಿರುಸಾಗಿ, ಕೋಟಿನ ಅಂಚು ಹಾರಿಸುತ್ತ ಹೋಗುತ್ತಿದ್ದವಳು, ತಲೆಗೆ ಏನಾದರೂ ಹೊಳೆದ ಕ್ಷಣ, ಎತ್ತಿದ ಕಾಲನ್ನು ಕೆಳಗಿಡದೆ ಕೆರೆಯಂಚಿನ ಕೊಕ್ಕರೆಯಂತೆ ನಿಂತುಬಿಡುತ್ತಿದ್ದಳು. ಹಿಂದೆ ಬರುತ್ತಿದ್ದವರು ಕಾಫಿ ಲೋಟದ ಸಮೇತ ಹೋಗಿ ಆಕೆಗೆ ಡಿಕ್ಕಿ ಹೊಡೆಯುತ್ತಿದ್ದರು. ಪಕ್ಕದ ಕೋಣೆಯವನಾದ ನನ್ನ ಮೂರು ಅಂಗಿಗಳು ಹಾಗೆ ಕಾಫಿಗೆ ಬಲಿಯಾಗಿವೆ.

ಇನ್ನು ಜರಡಿಯ ಮಾತು. ನೆಲದಡಿಯ ಸುರಂಗದಲ್ಲಿ ಪ್ರೋಟಾನುಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಚೂರಾದಾಗ, ಆ ಚೂರುಗಳ ವೃತ್ತಾಂತವೆಲ್ಲ ಅಂಕಿಗಳಾಗಿ ನಮ್ಮ ಗಣಕಗಳಿಗೆ ಹರಿದು ಬರುತ್ತದೆ. ಆ ಮಹಾಪ್ರವಾಹದಲ್ಲಿ ಬೇಕಾದದ್ದು ಬೊಗಸೆಯಷ್ಟು, ಬೇಡದ್ದು ಸಮುದ್ರದಷ್ಟು. ಹೊಟ್ಟು ಬಿಟ್ಟು ಕಾಳು ಹಿಡಿಯುವ ತಂತ್ರಾಂಶವೊಂದನ್ನು ಯೊಲಾಂದಾ ತನ್ನ ತಾರುಣ್ಯದಲ್ಲಿ ಒಬ್ಬಳೇ ಕೂತು ಬರೆದು, ಅದಕ್ಕೆ ಸೆತಾಚ್ಚೊ ಎಂದು, ಅಂದರೆ ತನ್ನ ನುಡಿಯಲ್ಲಿ ಜರಡಿ ಎಂದು, ಹೆಸರಿಟ್ಟಿದ್ದಳು. ನಮ್ಮ ಗುಂಪಿನಲ್ಲಿ ಆ ಜರಡಿಯಿಂದ ಇಳಿಯದ ಅಂಕಿಯಿಲ್ಲ, ಅದನ್ನು ಬಳಸದೆ ಡಾಕ್ಟರೇಟು ಪಡೆದವರಿಲ್ಲ. ಆಕೆ ಮಾತ್ರ ಅದನ್ನು ಕಟ್ಟಿದ್ದು ಒಂದೇ ಬೇಟೆಗಾಗಿ: ಹುಟ್ಟಿದಲ್ಲೇ ಸಿಡಿಯದೆ, ನಾಲ್ಕು ಹೆಜ್ಜೆ ನಡೆದು ಆಮೇಲೆ ಸಿಡಿಯುವ ಒಂದು ಭಾರವಾದ ಕಣ. ಅದು ಇದೆಯೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಜರಡಿಯಲ್ಲಿ ಉಳಿದ ಡಿಕ್ಕಿಗಳನ್ನು ತೂಕದ ಪ್ರಕಾರ ಸಾಲಾಗಿ ಜೋಡಿಸಿದರೆ ಪರದೆಯ ಮೇಲೆ ಒಂದು ನುಣುಪಾದ ಇಳಿಜಾರು ಮೂಡುತ್ತದೆ. ಅದು ಹಳೆಯ, ಪರಿಚಿತ ಕಣಗಳ ಇಳಿಜಾರು. ಹೊಸದೊಂದು ಇದ್ದುದೇ ಆದರೆ ಆ ಇಳಿಜಾರಿನ ಮೈಮೇಲೆ ಒಂದು ಗುಡ್ಡ ಎದ್ದು ನಿಲ್ಲಬೇಕು. ಆ ಗುಡ್ಡಕ್ಕಾಗಿ ಯೊಲಾಂದಾ ತಲೆಗೂದಲು ಕಪ್ಪಿದ್ದಾಗಿನಿಂದ ಕಾದಿದ್ದಳು.

ಗುಡ್ಡ ಬೇಕು ಬೇಕು ಎಂದು ಹಂಬಲಿಸುವ ಕಣ್ಣಿಗೆ ಇಲ್ಲದ ಗುಡ್ಡವೂ ಕಾಣುತ್ತದೆ. ಅದಕ್ಕೇ ನಮ್ಮಲ್ಲಿ ಒಂದು ಕಟ್ಟಳೆ. ಗುಡ್ಡ ಏಳಬಹುದಾದ ಜಾಗವನ್ನು ತಂತ್ರಾಂಶವೇ ಮುಚ್ಚಿಡುತ್ತದೆ. ಶೋಧನೆಯ ಕ್ರಮವೆಲ್ಲ ನಿಷ್ಕರ್ಷೆಯಾಗಿ, ಪರೀಕ್ಷೆಯಾಗಿ, ಎಲ್ಲರೂ ತಲೆದೂಗಿದ ಮೇಲೆ ಒಂದು ಮಧ್ಯಾಹ್ನ ಗುಂಪೆಲ್ಲ ಸೇರಿ ಆ ಮುಚ್ಚಿದ ಜಾಗವನ್ನು, ನಮ್ಮ ಮಾತಿನಲ್ಲಿ ಪೆಟ್ಟಿಗೆಯನ್ನು, ತೆರೆಯುತ್ತೇವೆ. ತೆರೆದ ಮೇಲೆ ಒಂದು ಅಲ್ಪವಿರಾಮವನ್ನೂ ತಿದ್ದುವಂತಿಲ್ಲ. ಈ ಕಟ್ಟಳೆಗೆ ಯೊಲಾಂದಾ ತನ್ನದೊಂದು ಸೇರಿಸಿದ್ದಳು: ತೆರೆಯುವ ಮುಂಚೆ ಪ್ರತಿಯೊಬ್ಬರೂ ತಮಗೆ ಏನು ಕಾಣಬಹುದು ಎನ್ನಿಸುತ್ತದೋ ಅದನ್ನು ಪೆನ್ಸಿಲ್ಲಿನಿಂದ ಹಾಳೆಯ ಮೇಲೆ ಗೀಚಿ, ಹೆಸರು ಬರೆದು, ಬಾಗಿಲಿಗೆ ಅಂಟಿಸಬೇಕು. "ಮೊದ್ಲು ಬರಿ, ಆಮೇಲೆ ನೋಡು. ನೋಡಿದ್ಮೇಲೆ ಎಲ್ರೂ ಜಾಣರೇ" ಎನ್ನುತ್ತಿದ್ದಳು. ಗುಂಪಿನ ಮುಖ್ಯಸ್ಥ ಗಾಸ್ಪಾರ್, ಗಡಿಯಾಚೆಯ ಹಳ್ಳಿಯಿಂದ ಸೈಕಲ್ಲು ತುಳಿದು ಬರುವ ಉತ್ಸಾಹಿ, ಪ್ರತಿ ಸಲವೂ ಹಾಳೆಯ ತುಂಬ ಹಿಮಾಲಯವನ್ನೇ ಎಬ್ಬಿಸುತ್ತಿದ್ದ. ಯೊಲಾಂದಾಳ ಹಾಳೆಯಲ್ಲಿ ಯಾವಾಗಲೂ ಬರಿಯ ಇಳಿಜಾರು.

"ಒಂದ್ಸಲನಾದ್ರೂ ಒಂದು ಗುಡ್ಡ ಬರಿ ಮಾರಾಯ್ತಿ, ಪೆನ್ಸಿಲ್ ಸವೆದುಹೋಗಲ್ಲ" ಎಂದು ಗಾಸ್ಪಾರ್ ಕೆಣಕುತ್ತಿದ್ದ.

"ಅದಿದೆ ಅಂತ ಯಾರ್ ಹೇಳಿದ್ದು?" ಎಂದು ಆಕೆ.

ಪ್ರತಿ ಸಲವೂ ಆಕೆಯ ಹಾಳೆಯೇ ಗೆಲ್ಲುತ್ತಿತ್ತು, ಮತ್ತು ಪ್ರತಿ ಸಲವೂ ಗೆದ್ದ ಮೇಲೆ ಆಕೆ ಕೋಟಿನ ಗುಂಡಿಯನ್ನು ಹಾಕಿ ತೆಗೆದು ಹಾಕಿ ತೆಗೆದು ಮಾಡುತ್ತ ಬಹಳ ಹೊತ್ತು ಕಿಟಕಿಯ ಬಳಿ ನಿಲ್ಲುತ್ತಿದ್ದಳು. ಆಗ ನಾವು ಯಾರೂ ಮಾತಾಡಿಸುತ್ತಿರಲಿಲ್ಲ.

ಆ ವರ್ಷದ ಬೇಸಿಗೆಯ ಕೊನೆಗೆ ಆಕೆಗೆ ನಿವೃತ್ತಿ. ಅಂದರೆ ಜೂನ್ ತಿಂಗಳಲ್ಲಿ ತೆರೆಯಲಿದ್ದ ಪೆಟ್ಟಿಗೆಯೇ ಆಕೆಯ ಪಾಲಿಗೆ ಕಡೆಯದು; ಇಡೀ ಆಯುಷ್ಯದ ಬೇಟೆಯಿಂದ ಬರಿಗೈಯಲ್ಲಿ ಮೊದೆನಾಗೆ ಮರಳುವುದೋ ಅಥವಾ ಗುಡ್ಡ ಕಂಡು ಮರಳುವುದೋ ಆ ಮಧ್ಯಾಹ್ನ ನಿರ್ಧಾರವಾಗಬೇಕಿತ್ತು. ಇದು ಆಕೆಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಈ ಬಾರಿಯ ಶೋಧನೆಯನ್ನು ನಡೆಸಿದವಳು ಆಕೆಯ ಕೊನೆಯ ಶಿಷ್ಯೆ ಫೋತಿನಿ, ಗ್ರೀಸಿನ ವೋಲೊಸ್ ಬಂದರಿನ ಹುಡುಗಿ, ಬೆರಳು ಚುರುಕು, ನಾಲಗೆ ಇನ್ನೂ ಚುರುಕು. ಹಳೆಯ ಜರಡಿ ಆಮೆಯಂತೆ ತೆವಳುತ್ತದೆಂದು ಈ ಹುಡುಗಿ ಹೊಸ ಗಣಕಭಾಷೆಯಲ್ಲಿ ಅದೇ ಕೆಲಸದ ಹೊಸ ತಂತ್ರಾಂಶ ಬರೆದಿದ್ದಳು. ಹಳೆಯದು ಊಟ ಮುಗಿಸಿ ಬರುವಷ್ಟು ಹೊತ್ತು ತೆಗೆದುಕೊಂಡರೆ ಇವಳದು ಸೀನಿ ಮುಗಿಸುವುದರೊಳಗೆ ಮುಗಿಸುತ್ತಿತ್ತು. ಯೊಲಾಂದಾಳಿಗೆ ಅದರಿಂದ ಅಸೂಯೆಯಾಗಲಿಲ್ಲ, ಎಳೆಮಗು ಓಡುವುದನ್ನು ಕಂಡಷ್ಟು ಸಡಗರವಾಯಿತು. ಎರಡೂ ಒಂದೇ ಉತ್ತರ ಕೊಡಬೇಕು ಎಂಬುದೊಂದೇ ಷರತ್ತು. ಕೊಡುತ್ತವೆ ಎಂದು ಫೋತಿನಿ ತೋರಿಸಿಯೂ ಕೊಟ್ಟಳು.

ಪೆಟ್ಟಿಗೆ ತೆರೆದ ಮಧ್ಯಾಹ್ನ ಕಿಟಕಿಗಳೆಲ್ಲ ತೆರೆದಿದ್ದವು, ಬೆಟ್ಟದ ಕಡೆಯಿಂದ ಕೊಯ್ದ ಹುಲ್ಲಿನ ವಾಸನೆ ಬರುತ್ತಿತ್ತು. ಬಾಗಿಲ ಮೇಲೆ ಗಾಸ್ಪಾರನ ಹಿಮಾಲಯ, ಫೋತಿನಿಯ ಅಂಜುಬುರುಕ ದಿಬ್ಬ, ನನ್ನದೊಂದು ಎತ್ತಲೂ ಅಲ್ಲದ ಗೀಟು, ಯೊಲಾಂದಾಳ ಇಳಿಜಾರು. ಫೋತಿನಿ ಕೀಲಿ ಒತ್ತಿದಳು. ಪರದೆಯ ಮೇಲೆ ಚುಕ್ಕೆಗಳು ಒಂದೊಂದಾಗಿ ಕೂತವು, ಇಳಿದವು, ಇಳಿದವು, ಆಮೇಲೆ ಇಳಿಯಲಿಲ್ಲ. ಏರಿದವು! ಇಳಿಜಾರಿನ ನಟ್ಟನಡುವೆ, ಕಣ್ಣುಜ್ಜಿ ನೋಡಿದರೂ ಹೋಗದಂತೆ, ಒಂದು ಗುಡ್ಡ ನಿಂತಿತ್ತು. ಎತ್ತರದ್ದೇನಲ್ಲ, ಆದರೆ ಗುಡ್ಡವೇ. ಆಮೇಲಿನದನ್ನು ಸರಿಯಾಗಿ ವರ್ಣಿಸಲು ನನಗಾಗದು, ಏಕೆಂದರೆ ನಾನೂ ಕುರ್ಚಿಯ ಮೇಲೆ ಹತ್ತಿ ನಿಂತಿದ್ದೆ. ಗಾಸ್ಪಾರ್ ಬಾಟಲಿಯ ಬಿರಡೆ ಹಾರಿಸಿ ಛಾವಣಿಯ ದೀಪ ಒಡೆದ. ಯಾರು ಯಾರ ಕೆನ್ನೆಗೆ ಇಲ್ಲಿನ ವಾಡಿಕೆಯ ಮೂರು ಮುತ್ತು ಕೊಟ್ಟರೋ ಲೆಕ್ಕವಿಲ್ಲ. ಫೋತಿನಿ ತನ್ನ ಭಾಷೆಯಲ್ಲಿ ಏನೋ ಕೂಗುತ್ತ ಅಳುತ್ತಿದ್ದಳು. ಯೊಲಾಂದಾ ಮಾತ್ರ ಪರದೆಯ ಹತ್ತಿರ ಹೋಗಿ, ಒಂದು ಬೆರಳನ್ನು ಗುಡ್ಡದ ನೆತ್ತಿಯ ಮೇಲಿಟ್ಟು ಕೇಳಿದಳು:

"ಯಾರ್ ಹೇಳಿದ್ದು?"

"ನಿಮ್ಮ ಜರಡೀನೇ ಹೇಳ್ತಿದೆಯಲ್ಲ ಅಮ್ಮಾ!" ಎಂದಳು ಫೋತಿನಿ.

"ಅದರ ಮಾತನ್ನ ಯಾವಾಗಿಂದ ನಂಬೋಕೆ ಶುರು ಮಾಡಿದ್ರಿ?"

ಆಕೆಯ ಬೆರಳು ನಡುಗುತ್ತಿತ್ತು. ಲೋಟವನ್ನು ಮುಟ್ಟದೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮರುದಿನ ಬೆಳಗ್ಗೆ ಆಕೆ ಮಾಡಿದ್ದು ಬಹಳ ಹಳೆಯ ಕೆಲಸ: ಜರಡಿಯ ಪ್ರತಿ ಹಂತದಲ್ಲಿ ಒಳಗೆ ಹೋದದ್ದೆಷ್ಟು, ಹೊರಗೆ ಬಂದದ್ದೆಷ್ಟು ಎಂದು ನೋಡುವುದು. ಒಂದೇ ಡಿಕ್ಕಿಯನ್ನು ನಮ್ಮ ಯಂತ್ರ ಅಂಕಿ ಹರಿಯುವ ಎರಡು ಬೇರೆ ಬೇರೆ ಕಾಲುವೆಗಳಲ್ಲಿ ದಾಖಲಿಸುವುದುಂಟು. ಅಂಥ ಅವಳಿಗಳಲ್ಲಿ ಒಂದನ್ನು ಉಳಿಸಿ ಒಂದನ್ನು ಎಸೆಯಬೇಕು, ಇಲ್ಲದಿದ್ದರೆ ಒಬ್ಬನೇ ಎರಡು ಸಲ ಊಟಕ್ಕೆ ಕೂತಂತಾಗುತ್ತದೆ. ಎಸೆದ ಅವಳಿಗಳ ರಾಶಿ ಆಕೆಯ ಕಣ್ಣಿಗೆ ಅತಿಯಾಗಿ ಕಂಡಿತು. ಫೋತಿನಿಯನ್ನು ಕರೆದಳು. ಬಾಗಿಲು ತೆರೆದೇ ಇದ್ದುದರಿಂದ ನನಗೆ ಎಲ್ಲ ಕೇಳಿಸಿತು.

"ಈ ಅವಳಿಗಳು ಯಾಕೆ ಇಷ್ಟೊಂದಿವೆ?"

"ನಂದ್ರಲ್ಲಿ ಮೊದ್ಲು ಕಮ್ಮಿನೇ ಇದ್ವು."

"ನಿಂದ್ರಲ್ಲಿ ಅಂದ್ರೆ?"

"ನಾನು ಹೊಸದಾಗಿ ಬರೆದೆನಲ್ಲ, ಅದ್ರಲ್ಲಿ. ನಿಮ್ಮ ಜರಡಿಗೂ ಅದಕ್ಕೂ ತಾಳೆ ಆಗ್ತಿರ್ಲಿಲ್ಲ. ವಾರಗಟ್ಲೆ ತಲೆ ಕೆಡಿಸ್ಕೊಂಡೆ. ಕೊನೆಗೆ ನಂದನ್ನೇ ತಿದ್ದಿ ನಿಮ್ಮದಕ್ಕೆ ಸರಿ ಹೊಂದೋ ಹಾಗೆ ಮಾಡ್ದೆ."

ಇಣುಕಿ ನೋಡಿದರೆ ಯೊಲಾಂದಾ ಕೋಣೆಯ ಮಧ್ಯೆ ಒಂಟಿಕಾಲಿನಲ್ಲಿ ನಿಂತಿದ್ದಳು.

"ನಂದು ಸರಿ ಅಂತ ಯಾರ್ ಹೇಳಿದ್ದು?"

"ಎಲ್ರೂ. ಎಲ್ರಿಗೂ ಗೊತ್ತಿರೋದೇ ಅಲ್ವಾ?"

"ಎಲ್ರೂ ಅಂದ್ರೆ ಯಾರೂ ಅಲ್ಲ ಕಣೇ! ನನ್ನ ಥರಾನೇ ಮಳೆ ಬಂದ್ರೆ ಕೇಳ್ತೀಯ, ರಿಸೊಟ್ಟೊಗೆ ಕೇಳ್ತೀಯ, ಗಾಸ್ಪಾರ್ ಬಾಯಿ ತೆರೆದ್ರೆ ಕೇಳ್ತೀಯ. ನನ್ನ ಯಾಕೆ ಕೇಳ್ಲಿಲ್ಲ ಪುಣ್ಯಾತ್ಗಿತ್ತಿ?"

ಫೋತಿನಿ ತುಟಿ ಕಚ್ಚಿಕೊಂಡಳು. "ನಿಮ್ಮನ್ನ ಹೇಗೆ ಕೇಳ್ಲಿ?" ಎಂದಳು. ಯೊಲಾಂದಾ ಎತ್ತಿದ ಕಾಲನ್ನು ಕೆಳಗಿಟ್ಟು, ಕುರ್ಚಿಯ ಅರ್ಧವನ್ನು ಆಕೆಗೆ ಬಿಟ್ಟು ಕೂತಳು.

ಇಬ್ಬರೂ ಒಂದೇ ಕುರ್ಚಿಯ ಎರಡು ತುದಿಗೆ ಕೂತು, ಮಧ್ಯದಲ್ಲಿ ಪಾರ್ಮಸಾನ್ ಮುರಿದು ತಿನ್ನುತ್ತ, ಆ ಹಳೆಯ ತಂತ್ರಾಂಶದ ಹೊಟ್ಟೆ ಸೀಳಿ ನೋಡಿದರು. ಕಾರಣ ಸಿಕ್ಕಿದಾಗ ನಗಬೇಕೋ ಅಳಬೇಕೋ ತಿಳಿಯದಂತಿತ್ತು. ಪ್ರತಿ ಡಿಕ್ಕಿಗೂ ಒಂದು ಉದ್ದನೆಯ ಸಂಖ್ಯೆಯ ಗುರುತಿದೆ. ಗಣಕದ ಸ್ಮರಣೆಯ ಒಂದೊಂದು ಚೂರಿಗೂ ಜುಗ್ಗತನ ಮಾಡಬೇಕಿದ್ದ ಆ ಹಿಂದಿನ ಕಾಲದಲ್ಲಿ, ಜಾಗ ಉಳಿಸಲೆಂದು, ತರುಣಿ ಯೊಲಾಂದಾ ಸಂಖ್ಯೆಯ ಬಾಲವನ್ನಷ್ಟೇ ಇಟ್ಟುಕೊಂಡು ಹೋಲಿಸುವ ಹಾಗೆ ಬರೆದಿದ್ದಳು. ಆಗ ಡಿಕ್ಕಿಗಳು ಕಡಿಮೆ, ಅದು ಸಾಕಾಗಿತ್ತು. ಈಗ ಯಂತ್ರ ಬೆಳೆದು ಡಿಕ್ಕಿಗಳು ಕೋಟಿಗಟ್ಟಲೆ ಸುರಿಯುವಾಗ, ಫೋನ್ ನಂಬರಿನ ಕೊನೆಯ ಅಂಕಿಗಳು ಒಂದೇ ಎಂದು ಇಬ್ಬರು ಅಪರಿಚಿತರನ್ನು ಒಬ್ಬನೇ ಎಂದು ತೀರ್ಮಾನಿಸಿದಂತೆ, ಸಂಬಂಧವೇ ಇಲ್ಲದ ಡಿಕ್ಕಿಗಳನ್ನು ಜರಡಿ ಅವಳಿಗಳೆಂದು ತಿಳಿದು ಎಸೆಯುತ್ತಿತ್ತು. ಹೆಚ್ಚುಕಡಿಮೆ ಕಾಲು ಭಾಗ ಕಾಳು ಹೊಟ್ಟಿನ ಜೊತೆ ಹೋಗಿತ್ತು. ಇಳಿಜಾರೂ ಗುಡ್ಡವೂ ಒಟ್ಟಿಗೇ ಸೊರಗಿದ್ದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಫೋತಿನಿ ಮೊದಲು ಬರೆದಿದ್ದೇ ಸರಿಯಾಗಿತ್ತು. ಗುರುವಿನ ಮೇಲಿನ ಗೌರವದಿಂದ ಆಕೆ ಸರಿಯನ್ನು ತಪ್ಪಾಗಿ ತಿದ್ದಿದ್ದಳು.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಈ ಸುದ್ದಿ ಕೇಳಿ ಗಾಸ್ಪಾರ್ ಫೋರ್ಕನ್ನು ಕೆಳಗಿಟ್ಟ.

"ಪೆಟ್ಟಿಗೆ ತೆರೆದಾಯ್ತು ಯೊಲಾಂದಾ. ಈಗ ಜರಡಿ ಮುಟ್ಟಿದ್ರೆ, ಗುಡ್ಡ ದೊಡ್ಡದಾಗ್ಲಿ ಅಂತ ತಿದ್ಕೊಂಡ್ರು ಅಂತ ಊರೆಲ್ಲ ಆಡ್ಕೊಳ್ಳುತ್ತೆ. ಎಲ್ಲಾ ಒಂದೇ ಸಮ ಕಮ್ಮಿಯಾಗಿದೆ ತಾನೆ? ಹಾಗೇ ಬಿಟ್ಬಿಡೋಣ. ತಪ್ಪನ್ನ ಲೇಖನದಲ್ಲಿ ಒಂದು ಸಾಲಲ್ಲಿ ಬರೆದು ಹಾಕೋಣ." ಆಮೇಲೆ ದನಿ ತಗ್ಗಿಸಿ ಹೇಳಿದ: "ನಿನ್ನ ಗುಡ್ಡ ನಿನಗೆ ಉಳಿಯುತ್ತೆ. ಮತ್ತೆ ಕೆದಕಿ ಅದು ಕರಗಿಹೋದ್ರೆ?"

ಆತ ಪ್ರೀತಿಯಿಂದಲೇ ಹೇಳಿದ್ದು, ಮತ್ತು ಹೇಳಿದ್ದು ಸುಳ್ಳಲ್ಲ. ಅಂಥ ಚಿಕ್ಕ ಗುಡ್ಡಗಳು ಹೊಸ ಅಂಕಿ ಬೆರೆತೊಡನೆ ಕರಗಿಹೋಗುವುದನ್ನು ನಾವೆಲ್ಲ ಕಂಡಿದ್ದೇವೆ. ಯೊಲಾಂದಾ ತಟ್ಟೆಯಲ್ಲಿ ಆಲೂಗಡ್ಡೆಯನ್ನು ಅತ್ತಿತ್ತ ಸರಿಸುತ್ತಿದ್ದಳು. ಆ ಮುಖದಲ್ಲಿ ಆಸೆಯಿತ್ತು. ಆಸೆ ಇರಲಿಲ್ಲ ಎಂದರೆ ನಾನು ಸುಳ್ಳು ಹೇಳಿದಂತೆ. ನಂತರ ಚಮಚ ಗಾಳಿಯಲ್ಲೇ ನಿಂತಿತು.

"ಜರಡಿ ಎಸೆದಿದ್ದನ್ನ ನಿಮ್ಮಲ್ಲಿ ಯಾರಾದ್ರೂ ನೋಡಿದೀರಾ?"

"ಇಲ್ಲ" ಎಂದ ಗಾಸ್ಪಾರ್.

"ಯಾರಾದ್ರೂ? ಒಂದೇ ಒಂದು ಚುಕ್ಕೆ?"

"ಇಲ್ಲ ಅಂದ್ನಲ್ಲ, ಕಸ ಅಂತ ಎಸೆದಿದ್ದನ್ನ ಯಾರು ನೋಡ್ತಾರೆ?"

ಯೊಲಾಂದಾ ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದಳು. "ಹಾಗಾದ್ರೆ ಅದು ಇನ್ನೂ ಮುಚ್ಚಿದ ಪೆಟ್ಟಿಗೆ ಕಣಯ್ಯಾ!"

ಇಡೀ ಕ್ಯಾಂಟೀನು ತಿರುಗಿ ನೋಡಿತು. ನನಗೂ ಆಗಲೇ ಅರ್ಥವಾಯಿತು. ಎಷ್ಟು ಸರಳ! ಮೊದಲು ನೋಡಿದ ಅಂಕಿಗಳನ್ನು ಮುಟ್ಟುವುದೇ ಬೇಡ. ಅವು ತಮ್ಮ ಗುಡ್ಡದೊಡನೆ ಹಾಗೇ ಇರಲಿ. ತಪ್ಪಾಗಿ ಎಸೆದ ಕಾಳನ್ನಷ್ಟೇ ಬೇರೆಯಾಗಿ ಆರಿಸಿದರೆ, ಅದು ಯಾರ ಆಸೆಯ ಕಣ್ಣೂ ತಾಗದ ಹೊಸ ಸಾಕ್ಷಿ. ಗುಡ್ಡ ನಿಜವಾಗಿದ್ದರೆ ಅಲ್ಲಿಯೂ, ಅದೇ ಜಾಗದಲ್ಲಿ, ತನ್ನ ಪಾಲಿನಷ್ಟು ಎದ್ದಿರಬೇಕು. ಆಕಸ್ಮಿಕವಾಗಿದ್ದರೆ ಅಲ್ಲಿ ಬರಿಯ ಇಳಿಜಾರು. ಆಕೆಯ ತಪ್ಪೇ ಆಕೆಗೆ ಎರಡನೆಯ ಪೆಟ್ಟಿಗೆಯನ್ನು ಜೋಪಾನವಾಗಿ ಎತ್ತಿಟ್ಟಿತ್ತು.

ಹಳೆಯ ಜರಡಿಯ ಆ ಒಂದು ಸಾಲನ್ನು ಯೊಲಾಂದಾ ಫೋತಿನಿಯ ಕೈಯಿಂದಲೇ ತಿದ್ದಿಸಿದಳು. ನಮ್ಮ ಗುಂಪಿಗೆ ಸೇರದವರನ್ನು ಕರೆದು ತೋರಿಸಿ, ಅವರು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟು, ಅವರೂ ಸರಿಯೆಂದ ಮೇಲೆ ಇನ್ನೊಂದು ಮಧ್ಯಾಹ್ನ ಗೊತ್ತಾಯಿತು. ಆ ದಿನ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕ್ಯಾಂಟೀನಿನ ಬಡಿಸುವಾಕೆ ಕೂಡ ಏಪ್ರನ್ನಿನಲ್ಲೇ ಬಂದು ಬಾಗಿಲಲ್ಲಿ ನಿಂತಿದ್ದಳು. ಎಲ್ಲರೂ ಪೆನ್ಸಿಲ್ಲು ಹಿಡಿದರು. ಹಿಮಾಲಯದ ಗಾಸ್ಪಾರ್ ಬಹಳ ಹೊತ್ತು ಯೋಚಿಸಿ, ಯಾರ ಮುಖವನ್ನೂ ನೋಡದೆ, ಬರಿಯ ಇಳಿಜಾರು ಎಳೆದ. "ನಂಗೆ ಧೈರ್ಯ ಸಾಲ್ತಿಲ್ಲ" ಎಂದ. ಫೋತಿನಿಯೂ ಇಳಿಜಾರೇ ಎಳೆದಳು, ನಾನೂ ಅಷ್ಟೆ. ಯೊಲಾಂದಾ ಹಾಳೆಯನ್ನು ಗೋಡೆಗೆ ಒತ್ತಿಹಿಡಿದು, ತಂದೆಯ ಕೋಟಿನ ಉದ್ದ ತೋಳನ್ನು ಮೇಲೆ ಮಡಚಿ, ಇಳಿಜಾರು ಎಳೆಯುತ್ತ ಬಂದಳು, ಆ ಜಾಗ ಬಂತು, ಪೆನ್ಸಿಲ್ಲು ನಿಂತಿತು, ಅಲ್ಲಿಂದ ನಿಧಾನವಾಗಿ ಮೇಲಕ್ಕೇರಿ, ದುಂಡಾಗಿ ತಿರುಗಿ, ಕೆಳಗಿಳಿಯಿತು. ಆಕೆ ತನ್ನ ಜೀವಮಾನದಲ್ಲಿ ಬರೆದ ಮೊದಲ ಗುಡ್ಡ. ಕೆಳಗೆ ಪೂರ್ತಿ ಹೆಸರು ಬರೆದು ಬಾಗಿಲಿಗೆ ಅಂಟಿಸಿದಳು. ಯಾರೂ ಕೆಣಕಲಿಲ್ಲ.

ಫೋತಿನಿ ಕೀಲಿ ಒತ್ತಿದಳು. ಈ ಬಾರಿ ಚುಕ್ಕೆಗಳು ವಿರಳ, ಒಂದೊಂದೂ ಬಂದು ಕೂರುವವರೆಗೆ ಕಾಯಬೇಕಿತ್ತು. ಇಳಿದವು, ಇಳಿದವು. ಆ ಜಾಗ ಬಂತು. ಒಂದು ಚುಕ್ಕೆ ತುಸು ಮೇಲೆ ಕೂತಿತು. ಅದರ ಪಕ್ಕದ್ದು ಇನ್ನೂ ಮೇಲೆ. ಮೂರನೆಯದು ಅದಕ್ಕೂ ಮೇಲೆ, ನಾಲ್ಕನೆಯದು ಕೆಳಗಿಳಿಯುತ್ತ, ಹೆಗಲು ಇಳಿಸಿದಂತೆ. ಪುಟ್ಟ ಗುಡ್ಡ, ಅದೇ ಜಾಗದಲ್ಲಿ, ಬಾಗಿಲ ಮೇಲಿನ ಪೆನ್ಸಿಲ್ಲಿನ ಗುಡ್ಡಕ್ಕಿಂತ ಕೂದಲೆಳೆಯಷ್ಟು ಕುಳ್ಳು. ಯಾರೂ ಕಿರುಚಲಿಲ್ಲ. ಲೋಕಕ್ಕೆ ಸಾರಿ ಹೇಳಲು ಅದು ಸಾಲದು ಎಂದು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು, ಇನ್ನೂ ಎರಡು ಮೂರು ವರ್ಷದ ಡಿಕ್ಕಿಗಳು ಬೇಕು, ಬೇರೆ ಯಂತ್ರದವರೂ ಕಾಣಬೇಕು. ಸುಮ್ಮನಿರಲು ಮಾತ್ರ ಅದು ತೀರ ಹೆಚ್ಚಾಗಿತ್ತು. ಫೋತಿನಿ ಕಣ್ಣೊರೆಸಿಕೊಂಡು, ಪರದೆಗೆ ಬೆನ್ನು ಮಾಡಿ, ಸೊಂಟದ ಮೇಲೆ ಕೈಯಿಟ್ಟು, ತನ್ನ ಗುರುವಿನದೇ ದನಿಯಲ್ಲಿ ಕೇಳಿದಳು:

"ಯಾರ್ ಹೇಳಿದ್ದು?"

ಯೊಲಾಂದಾ ಬಾಗಿಲ ಕಡೆ ಕೈ ತೋರಿಸಿದಳು.

"ನಾನು" ಎಂದಳು. "ನಾನು ಹೇಳಿದ್ದೆ."

ಆಗ ಬಿತ್ತು ನೋಡಿ ಕೂಗು! ಬಡಿಸುವಾಕೆ ಸೌಟಿಲ್ಲದ ಕೈಯಿಂದ ಬಾಗಿಲನ್ನೇ ಬಡಿದಳು. ಗಾಸ್ಪಾರ್ ತನ್ನ ಇಳಿಜಾರನ್ನು ಕಿತ್ತು ಉಂಡೆಮಾಡಿ ಬಾಯಿಗೆ ಹಾಕಿಕೊಳ್ಳಲು ಹೋದ, ಯೊಲಾಂದಾ ಕಿತ್ತುಕೊಂಡು ಬಿಡಿಸಿ, ಸುಕ್ಕು ತೀಡಿ, ಮತ್ತೆ ಅಂಟಿಸಿದಳು. ಬರೆದದ್ದು ಬರೆದದ್ದೇ ಎಂದಳು. ಆಗಸ್ಟ್ ಕೊನೆಗೆ ಆಕೆ ಮೊದೆನಾಗೆ ಹೋದಳು. ಕೋಟು ಆಕೆಯ ಮೈಮೇಲೇ ಹೋಯಿತು, ಪೆನ್ಸಿಲ್ಲುಗಳು ಫೋತಿನಿಯ ಜೇಬಿಗೆ ಬಂದವು.

ಇಂಥವರನ್ನು ಜನ ಸಂಶಯದ ಪಿಶಾಚಿಗಳೆನ್ನುತ್ತಾರೆ, ನಂಬಿಕೆಯಿಲ್ಲದವರೆನ್ನುತ್ತಾರೆ; ಅವರ ಪಕ್ಕದ ಕೋಣೆಯಲ್ಲಿ ಬಹುಕಾಲ ಬಾಳಿದವನಾಗಿ ನಾನು ಅದನ್ನು ಒಪ್ಪಲಾರೆ. ಒಂದನ್ನು ಅರೆಮನಸ್ಸಿನಿಂದ ಬಯಸಿದವರು ಅದರಂತೆ ಕಾಣುವುದು ಸಿಕ್ಕಿದರೂ ಸಂತೋಷವಾಗಿ ಮನೆಗೆ ಹೋಗುತ್ತಾರೆ. ಪ್ರಾಣವಿಟ್ಟು ಬಯಸಿದವರು ಮಾತ್ರ, ಅದು ಎದುರಿಗೇ ಬಂದು ನಿಂತಾಗಲೂ, ನಡುಗುವ ಬೆರಳನ್ನು ಅದರ ಮೇಲಿಟ್ಟು ನೀನು ಅದೇನಾ ಎಂದು ಕೇಳುತ್ತಾರೆ, ಎಲ್ಲರಿಗಿಂತ ಹೆಚ್ಚಾಗಿ ತಮ್ಮನ್ನೇ ಕೇಳುತ್ತಾರೆ. ಕೇಳಿ ಕೇಳಿ ಕೊನೆಗೆ ಒಮ್ಮೆ ನಂಬುವ ಹೊತ್ತು ಬಂದಾಗ, ನೋಡುವ ಮೊದಲೇ, ಎಲ್ಲರ ಎದುರಿಗೆ, ರಬ್ಬರಿಲ್ಲದ ಪೆನ್ಸಿಲ್ಲಿನಿಂದ ಬರೆದು ಕೆಳಗೆ ಹೆಸರು ಹಾಕುತ್ತಾರೆ.